ಆರಿಸಿ ಇಡ್ರಿ ಎಂದರು, ಆರಿಸಿ ಇಟ್ಟೆ

ಶಿಡ್ಲಘಟ್ಟದಲ್ಲಿ ಅವತ್ತು ಪವಾಡ ಏನೂ ನಡೆಯಲಿಲ್ಲ. ಪಿಳ್ಳಮ್ಮನ ಕಿವಿಯಲ್ಲಿ ದೇವರೇ ಬಂದು ಹೇಳಿದ ಎಂದು ಆ ಕಡೆಯ ಹೆಂಗಸರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ದೇವರು ಹೇಳಲಿಲ್ಲ. ಸಂಘದ ಕಾರ್ಯದರ್ಶಿ ಹೇಳಿದ. ನಾನು ಒಂದು ಸ್ವಿಚ್ಚನ್ನು ಹಾಗೇ ಬಿಟ್ಟಿದ್ದೆ, ಅದಕ್ಕೇ ಅವಳಿಗೆ ಕೇಳಿಸಿತು. ತಪ್ಪು ನನ್ನದು. ತಪ್ಪಿನಿಂದ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಅದು ತಪ್ಪಲ್ಲ ಎಂದಾಗುವುದಿಲ್ಲ.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಡಿಪ್ಲೊಮಾ ಓದಿ ಬರುತ್ತಾರೆ. ನಾನು ಮಂಡಿಕಲ್ಲಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕೂತವಳು. “ಅಜ್ಜಿ, ಆಗ ಹೇಗಿತ್ತು ಬರೆದುಕೊಡಿ” ಎಂದು ಅವರು ಹಿಂದೆ ಬಿದ್ದದ್ದಕ್ಕೆ ಬರೆಯುತ್ತಿದ್ದೇನೆ. ಯಾವಾಗ ಕಾಯಂ ಮಾಡಿದರು, ಯಾರು ಶಾಲು ಹೊದಿಸಿದರು, ಅದೆಲ್ಲ ಇದರಲ್ಲಿ ಇರುವುದಿಲ್ಲ. ಶಾಲು ಆಗಲೇ ನುಸಿ ತಿಂದಿದೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಇನಾಮದಾರ ಸಾಹೇಬರು. ಧಾರವಾಡದ ಕಡೆಯವರು. ಜೀವಮಾನವೆಲ್ಲ ರೇಡಿಯೋ, ವೈರ್‌ಲೆಸ್ಸು ಎಂದು ಕೆಲಸ ಮಾಡಿ ನಿವೃತ್ತರಾಗಿ, ಮಗಳ ಮನೆಗೆಂದು ಚಿಕ್ಕಬಳ್ಳಾಪುರಕ್ಕೆ ಬಂದವರು ಅಲ್ಲೇ ಉಳಿದರು. ಕಿವಿ ಮಂದವಾದವರಿಗೆಂದು ಒಂದು ಸಣ್ಣ ಸೇವಾ ಸಂಸ್ಥೆ ಎರಡು ಕೋಣೆ ಹಿಡಿದು ನಡೆಯುತ್ತಿತ್ತು. ಅದರ ಯಂತ್ರದ ಕೆಲಸವೆಲ್ಲ ಅವರದು. ಕಸ ಗುಡಿಸಿ ಸಾಮಾನು ಹೊರಲು ಒಬ್ಬ ಹೆಂಗಸು ಬೇಕಂತೆ ಎಂದು ಕೇಳಿ ನಾನು ಹೋದೆ. ಎಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಕಿವಿ ಚಲೋ ಕೇಳಸ್ತಾವೇನ್ರಿ?”

“ಬೇಡದ್ದೂ ಕೇಳಿಸುತ್ತೆ ಸಾರ್.”

“ಹಂಗಾದ್ರ ನಾಳಿಂದ ಬರ್ರಿ.”

ಮೊದಲೆರಡು ವರ್ಷ ವೈರಿನ ಕಾಲ. ಸಭೆ ನಡೆಯುವ ಹಾಲಿನ ಗೋಡೆಗುಂಟ ಸುತ್ತಲೂ ಒಂದು ವೈರು ಎಳೆಯಬೇಕು. ಅದರೊಳಗೆ ಕೂತವರ ಕಿವಿಗೆ ಮಿಷನ್ ಇದ್ದರೆ ವೇದಿಕೆಯ ಮಾತು ಚೆನ್ನಾಗಿ ಕೇಳುತ್ತದೆ. ಕಿವಿಗೆ ಮಿಷನ್ ಇದ್ದವರು ಆಗ ಎಷ್ಟು ಜನ? ಬೆರಳಲ್ಲಿ ಎಣಿಸಬಹುದಿತ್ತು. ವೈರಿನ ಸುರುಳಿ ಹೊತ್ತು ನನ್ನ ಹೆಗಲು ಹೋದದ್ದೊಂದೇ ಬಂತು. ಒಂದು ಛತ್ರದಲ್ಲಿ ಹಿಂದಿನ ದಿನವೇ ವೈರು ಎಳೆದು ಬಂದಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಅದರ ಮೇಲೆ ಯಾವುದೋ ಮದುವೆಯವರ ಪಂಚೆಗಳು ಸಾಲಾಗಿ ನೇತಾಡುತ್ತಿದ್ದವು. ಸಾಹೇಬರು ಪಂಚೆಗಳನ್ನು ನೋಡಿದರು, ನನ್ನನ್ನು ನೋಡಿದರು. “ಇದು ಆಗೂ ಕೆಲಸಲ್ಲ” ಎಂದರು. ಅವತ್ತಿನಿಂದ ರೇಡಿಯೋ ಪೆಟ್ಟಿಗೆ ಕಟ್ಟಲು ಕೂತರು.

ಆ ಪೆಟ್ಟಿಗೆ ಊಟದ ಕ್ಯಾರಿಯರ್‌ನಷ್ಟು ದೊಡ್ಡದು. ಮೇಲೆ ಕೊಡೆಯ ಕಡ್ಡಿಯಷ್ಟು ಉದ್ದದ ಏರಿಯಲ್ಲು, ಮುಂದೆ ಒಂದು ಕೆಂಪು ದೀಪ, ಪಕ್ಕದಲ್ಲಿ ಒಂದು ಸ್ವಿಚ್ಚು. ಅದಕ್ಕೆ ನಮ್ಮದೇ ಒಂದು ಸಣ್ಣ ಮೈಕು. ಇದು ಆಕಾಶವಾಣಿಯ ಹಾಗೆ ಊರೂರಿಗೆ ಹೋಗುವ ರೇಡಿಯೋ ಅಲ್ಲ. ಹಾಲಿನ ಬಾಗಿಲು ದಾಟಿ ಅಂಗಳದವರೆಗೆ ಕೇಳಿಸೀತು, ಅಷ್ಟೇ ಅದರ ಶಕ್ತಿ. ಕೇಳುವವರಿಗೆ ಅಂಗಡಿಯಲ್ಲಿ ಸಿಗುವ ಸಣ್ಣ ಜೇಬಿನ ರೇಡಿಯೋ, ಅದಕ್ಕೊಂದು ಇಯರ್‌ಫೋನು. ಅಂಥವು ಇಪ್ಪತ್ತು ಇದ್ದವು. ಯಾವ ಸ್ಟೇಷನ್ನೂ ಬರದ ಒಂದು ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ, ಅಲ್ಲಿಂದ ಅಲ್ಲಾಡದ ಹಾಗೆ ತಿರುಪಿಗೆ ಅರಗು ಹಾಕಿ ಕೂರಿಸಿದ್ದೆವು. ಅರಗು ಹಾಕುವ ಮೊದಲು ಒಬ್ಬ ಯಜಮಾನರು ಎರಡು ಗಂಟೆ ತಲೆಯಾಡಿಸುತ್ತ ಭಾಷಣ ಕೇಳಿದರು. ಎಷ್ಟು ಶ್ರದ್ಧೆ ಎಂದು ನಾನೇ ಮೆಚ್ಚಿಕೊಂಡೆ. ಕೊನೆಗೆ ನೋಡಿದರೆ ಅವರು ಕೇಳುತ್ತಿದ್ದದ್ದು ಕ್ರಿಕೆಟ್ಟು.

ಇದು ಏಕೆ ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ದೊಡ್ಡ ಮೈಕಿನ ಸದ್ದು ಹಾಲಿನಲ್ಲಿ ಗೋಡೆಗೆ ಬಡಿದು, ಮಕ್ಕಳ ಅಳು, ಫ್ಯಾನಿನ ಸದ್ದು ಎಲ್ಲದರ ಜೊತೆ ಕಲಸಿಹೋಗುತ್ತದೆ. ಕಿವಿ ಮಂದವಾದವರಿಗೆ ಅದು ಬರೀ ಗದ್ದಲ. ಮಾತನಾಡುವವರ ಬಾಯಿಯ ಹತ್ತಿರ ನಮ್ಮ ಮೈಕು ಇದ್ದರೆ ಮಾತೊಂದೇ ನೇರವಾಗಿ ಕಿವಿಯೊಳಗೆ ಇಳಿಯುತ್ತದೆ. ಪೂರ್ತಿ ಕೇಳಿಸದವರಿಗೆ ಇದರಿಂದ ಏನೂ ಆಗುವುದಿಲ್ಲ. ಹುಟ್ಟಿನಿಂದ ಕೇಳಿಸದ ಮಗುವನ್ನು ಎತ್ತಿಕೊಂಡು ಬಂದ ಒಬ್ಬ ತಾಯಿಗೆ “ಹಾಕಿ ನೋಡಣ ಬಾರಮ್ಮ” ಎಂದುಬಿಟ್ಟೆ. ಮಗು ಇಯರ್‌ಫೋನನ್ನು ಬಾಯಿಗೆ ಹಾಕಿಕೊಂಡಿತು. ಆ ತಾಯಿಯ ಮುಖ ನೋಡಿದ ಮೇಲೆ ನಾನು ಯಾರಿಗೂ ಸುಮ್ಮನೆ ಆಸೆ ಹುಟ್ಟಿಸಲಿಲ್ಲ. ನೀವೂ ಹುಟ್ಟಿಸಬೇಡಿ. ಇನ್ನೊಂದು ಮಾತು. ಕೇಳಿಸದವರನ್ನು ಹಿಂದಿನಿಂದ ಕೂಗಬೇಡಿ, ಬೆನ್ನು ತಟ್ಟಬೇಡಿ. ಸುತ್ತಿಕೊಂಡು ಎದುರಿಗೆ ಹೋಗಿ ನಿಲ್ಲಿ, ಹತ್ತಿರದಿಂದ ತುಟಿ ನೋಡಿದರೆ ಅವರಿಗೆ ಮಾತು ಸಿಗುತ್ತದೆ.

ಪೆಟ್ಟಿಗೆಯನ್ನು ಮೊದಲ ಸಲ ದೊಡ್ಡ ಸಭೆಗೆ ಒಯ್ದದ್ದು ಗೌರಿಬಿದನೂರಿಗೆ. ರೈತರಿಗೆಂದು ಯಾರೋ ದೊಡ್ಡವರ ಭಾಷಣ. ಸಾಹೇಬರು ಹುರುಪಿನಲ್ಲಿ ಏರಿಯಲ್ಲನ್ನು ಇನ್ನೂ ಉದ್ದ ಮಾಡಿದ್ದರು. ಭಾಷಣ ಶುರುವಾಗಿ ಸ್ವಲ್ಪ ಹೊತ್ತಿಗೆ ಹಾಲಿನಲ್ಲಿದ್ದ ಜನ ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ನಾನು ಹೊರಗೆ ಬಂದು ನೋಡಿದರೆ ಎದುರಿನ ಹೋಟೆಲಿನ ರೇಡಿಯೋದಲ್ಲಿ ಅದೇ ಭಾಷಣ ಬರುತ್ತಿತ್ತು. ಜನ ಬೆಂಚಿನ ಮೇಲೆ ಕಾಲು ಮಡಚಿ ಕೂತು ಕಾಫಿ ಕುಡಿಯುತ್ತ ಕೇಳುತ್ತಿದ್ದರು.

“ಒಳಗೆ ಹೋಗ್ರಪ್ಪ” ಎಂದೆ.

“ಇಲ್ಲಿ ಬೋಂಡಾ ಸಿಗುತ್ತಮ್ಮ, ಅಲ್ಲಿ ಏನ್ ಸಿಗುತ್ತೆ?” ಎಂದ ಒಬ್ಬ.

ಅಷ್ಟರಲ್ಲಿ ಒಬ್ಬ ಪೊಲೀಸಪ್ಪ ಬಂದ. ಯಾರಪ್ಪಾ ಇಲ್ಲಿ ಗುಟ್ಟಾಗಿ ಸ್ಟೇಷನ್ ನಡೆಸ್ತಿರೋರು ಎಂದು ಲಾಠಿ ಕುಟ್ಟಿದ. ಸಾಹೇಬರು ಪ್ಲಾಸ್ಟಿಕ್ ಕವರಿನಿಂದ ಅನುಮತಿಯ ಕಾಗದ ತೆಗೆದು ತೋರಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಅವನು ತಿರುಗಿಸಿ ಮುರುಗಿಸಿ ನೋಡಿ, ಸೀಲು ಇದೆಯೆಂದು ಬಿಟ್ಟುಬಿಟ್ಟ. ಅವತ್ತೇ ಏರಿಯಲ್ಲು ಗಿಡ್ಡವಾಯಿತು. ಕೆಲಸ ಇಲ್ಲದ ಹೊತ್ತಿನಲ್ಲಿ ಪೆಟ್ಟಿಗೆ ಬಂದ್ ಆಗಿರಬೇಕು ಎಂಬ ನಿಯಮವೂ ಅವತ್ತೇ ಆಯಿತು. ಆ ಸ್ವಿಚ್ಚನ್ನು ಸಾಹೇಬರು ತಾವೇ ಮುಟ್ಟುತ್ತಿದ್ದರು. “ನಾ ಬಂದ್ ಮಾಡ್ತೀನಿ, ನೀವು ಇಯರ್‌ಫೋನ್ ನೋಡ್ಕೋರಿ” ಎನ್ನುತ್ತಿದ್ದರು. ನನಗೆ ಅದರ ಹೆದರಿಕೆ ಇತ್ತು, ಹತ್ತಿರ ಹೋಗುತ್ತಿರಲಿಲ್ಲ.

ಇಯರ್‌ಫೋನಿನ ಕಥೆ ಚಿಂತಾಮಣಿಯದು. ಅಲ್ಲಿ ತಿಂಗಳಿಗೊಮ್ಮೆ ಪಿಂಚಣಿದಾರರು ಸೇರುತ್ತಿದ್ದರು. ಅಂಬಾಜಿದುರ್ಗದ ಕೆಳಗಿನ ಹಳ್ಳಿಯಿಂದ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರಿಗೆ ಕಿವಿ ಸೋರುತ್ತಿತ್ತು. ಅವರು ಇಯರ್‌ಫೋನು ವಾಪಸು ಕೊಟ್ಟಾಗ ತುದಿಯ ರಬ್ಬರ್ ಬಿರಡೆಯನ್ನು ನಾನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿದೆ. ಮುಂದಿನ ತಿಂಗಳು ಪಿಂಚಣಿದಾರರಿಗಿಂತ ಮೊದಲು ಅವರ ಸೊಸೆಯರು ಬಂದರು. ಮೂರು ಮನೆಯ ಮೂವರು.

“ಯಾರಮ್ಮಾ ಇಲ್ಲಿ ರೇಡಿಯೋ ಕೊಡೋರು? ನಮ್ಮ ಮಾವನಿಗೆ ಕಿವಿ ಕೇಳಿಸಲ್ಲ ಅಂತಿತ್ತು, ಈಗ ಸೋರೋಕೂ ಶುರು ಆಯ್ತು. ದಿಂಬೆಲ್ಲ ನಾತ. ನೀನು ಬಂದು ಒಗೀತೀಯ?”

ಅವರು ಹೇಳಿದ್ದು ನಿಜ. ಒಬ್ಬರ ಕಿವಿಯ ಕೀವನ್ನು ಇನ್ನೂ ಮೂವರ ಕಿವಿಗೆ ಹಂಚಿದವಳು ನಾನೇ. ಡಾಕ್ಟರು ಹನಿ ಹಾಕಿ ವಾಸಿ ಮಾಡಿದರು, ಆ ಮಾತು ಬೇರೆ. ಆಮೇಲೆ ಸಾಹೇಬರು ನನ್ನನ್ನು ಕೂರಿಸಿ ಕಲಿಸಿದರು. ಕುದಿಸಿ ತಣಿಸಿದ ನೀರು, ಸೋಪು, ಬಿಳಿ ಬಟ್ಟೆ, ಬಿಸಿಲು. ಒದ್ದೆ ಬಿರಡೆ ಕಿವಿಗೆ ವಿಷ.

“ತೊಳದು ಆರಿಸಿ ಇಡ್ರಿ, ನಾರಾಯಣಮ್ಮಾರ. ಮರೀಬ್ಯಾಡ್ರಿ. ಆರಿಸಿ ಇಡ್ರಿ.”

ಅಂದಿನಿಂದ ಪ್ರತಿ ಸಭೆಯಲ್ಲಿ, ಪ್ರತಿ ವಿರಾಮದಲ್ಲಿ, ಸಭೆ ಮುಗಿದ ಮೇಲೆ, ಅವರ ಬಾಯಲ್ಲಿ ಇದೇ ಮಾತು. ವರ್ಷಗಟ್ಟಲೆ ಕೇಳಿದೆ. ಆರಿಸಿ ಇಡ್ರಿ ಎಂದರೆ ನನ್ನ ಕೈ ತಾನಾಗಿ ಬಿರಡೆಯ ಕಡೆಗೆ ಹೋಗುತ್ತಿತ್ತು. ಮುಂದೆ ಏನಾಯಿತು ಎಂಬುದಕ್ಕೆ ಇದು ಗೊತ್ತಿರಬೇಕು.

ನಮ್ಮ ಮನೆಯ ಮಾತು ತೆಲುಗು. ತೆಲುಗಿನಲ್ಲಿ ಬಟ್ಟೆಯನ್ನು ಬಿಸಿಲಿಗೆ ಹಾಕು ಎನ್ನಲು ಒಂದು ಮಾತು, ದೀಪ ನಂದಿಸು ಎನ್ನಲು ಇನ್ನೊಂದು ಮಾತು. ಆರೇಯಿ ಎಂದರೆ ಬಟ್ಟೆ, ಆರ್ಪು ಎಂದರೆ ದೀಪ. ಕನ್ನಡದಲ್ಲಿ ಎರಡಕ್ಕೂ ಆರಿಸು ಎನ್ನಬಹುದು. ನಮ್ಮ ಕಡೆ ಲೈಟಿಗೆ ಆಫ್ ಮಾಡು ಎನ್ನುವುದೇ ರೂಢಿ.

ಈಗ ಶಿಡ್ಲಘಟ್ಟ. ತೊಂಬತ್ತರ ದಶಕ ಅರ್ಧ ಕಳೆದಿರಬೇಕು. ರೇಷ್ಮೆ ಕೆಲಸದವರ ಒಂದು ಸಂಘ ತನ್ನ ಸದಸ್ಯರಿಗೆ ಮನೆ ಕಟ್ಟಲು ಸೈಟು ಹಂಚುತ್ತಿತ್ತು. ಸಂಘದ ಹೆಸರು ಬೇಡ. ವರ್ಷಕ್ಕೆ ಒಂದು ಸಲ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ ಪಟ್ಟಿ ಓದುತ್ತಾರೆ. ಹೆಸರನ್ನು ಮೂರು ಸಲ ಕೂಗುತ್ತಾರೆ. “ಇದ್ದೀನಿ” ಎಂದು ಎದ್ದು ಬಂದವರಿಗೆ ಸೈಟಿನ ನಂಬರು. ಬರದಿದ್ದರೆ ಅದು ಕಾಯುವ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ, ಇವರು ಮುಂದಿನ ವರ್ಷ ನೋಡಿಕೊಳ್ಳಬೇಕು.

ಪಿಳ್ಳಮ್ಮ ಇಪ್ಪತ್ತು ವರ್ಷ ನೂಲು ಹುರಿ ಮಾಡುವ ಮಿಷನ್ನಿನ ಪಕ್ಕ ನಿಂತವಳು. ಆ ಸದ್ದೇ ಅವಳ ಕಿವಿ ತಿಂದದ್ದು. ಗಂಡನಿಲ್ಲ. ರೇಷ್ಮೆ ಗೂಡು ಬೇಯಿಸುವ ಕಡೆಯೊಂದರ ಹಿಂದೆ ಒಂದು ಕೋಣೆಯಲ್ಲಿದ್ದಳು. ಸತ್ತ ಹುಳುವಿನ ವಾಸನೆ ಅನ್ನಕ್ಕೂ ಹತ್ತುತ್ತಿತ್ತು. ಹಿಂದಿನ ವರ್ಷ ಅವಳ ಹೆಸರು ಪಟ್ಟಿಯಲ್ಲಿ ಬಂದಿತ್ತು.

“ಹಾಲಲ್ಲೇ ಕೂತಿದ್ದೆ ಕಣಕ್ಕ” ಎಂದಿದ್ದಳು ನನಗೆ. “ಪಕ್ಕದವಳು ನೀರು ಕುಡಿಯೋಕೆ ಎದ್ದು ಹೋಗಿದ್ಲು. ಎಲ್ರೂ ನನ್ನ ಕಡೆ ತಿರುಗಿ ನೋಡಿದ್ರು. ನಾನೂ ಹಿಂದಕ್ಕೆ ತಿರುಗಿ ನೋಡ್ದೆ, ಯಾರನ್ನ ನೋಡ್ತಾವ್ರೆ ಅಂತ. ನನ್ನ ಕಣ್ಮುಂದೇನೇ ನನ್ನ ಹೆಸರು ಹೋಯ್ತು.”

ಇದರಿಂದ ಗಲಾಟೆಯಾಗಿ, ಸಂಘದ ಅಧ್ಯಕ್ಷರು ಈ ವರ್ಷ ನಮ್ಮನ್ನು ಕರೆಸಿದರು. ಅಧ್ಯಕ್ಷರು ಒಳ್ಳೆಯವರು, ಸ್ವಲ್ಪ ನಿಧಾನ. ಕಾರ್ಯದರ್ಶಿ ಚುರುಕು.

ಬೆಳಿಗ್ಗೆ ಮೇಜಿನ ಮೇಲೆ ಅವರ ದೊಡ್ಡ ಮೈಕಿನ ಪಕ್ಕದಲ್ಲಿ ನಮ್ಮ ಸಣ್ಣ ಮೈಕು ಇಟ್ಟೆವು. ಪೆಟ್ಟಿಗೆ ಮೇಜಿನ ಬದಿಯ ಸ್ಟೂಲಿನ ಮೇಲೆ. ಇಪ್ಪತ್ತು ರೇಡಿಯೋಗಳೂ ಖಾಲಿಯಾದವು. ಪಿಳ್ಳಮ್ಮ ಮುಂದಿನ ಸಾಲಿನಲ್ಲಿ ಕೂತಳು. ಅವಳ ಪಕ್ಕ ಬಾಷಾ ಸಾಬರು, ನೂಲು ತೆಗೆಯುತ್ತ ಮುದುಕರಾದವರು, ಅವರಿಗೂ ಕಿವಿ ಮಂದ. ಅರ್ಧ ಪಟ್ಟಿ ಓದಿ ಮುಗಿಯಿತು. ನಮ್ಮ ರೇಡಿಯೋ ಹಾಕಿಕೊಂಡಿದ್ದ ಇಬ್ಬರು ಹೆಂಗಸರು ಮೊದಲ ಕೂಗಿಗೇ ಎದ್ದು “ಇದ್ದೀನಿ” ಎಂದರು. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಪಿಳ್ಳಮ್ಮನ ಹೆಸರು ಇನ್ನೂ ಬಂದಿರಲಿಲ್ಲ.

ಚಹಾಕ್ಕೆ ಬಿಟ್ಟರು. ದೊಡ್ಡ ಮೈಕಿನವನು ಅವನದನ್ನು ಆಫ್ ಮಾಡಿ ಬೀಡಿ ಸೇದಲು ಹೋದ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಸಾಹೇಬರನ್ನು ಕೂಗಿದರು, ಚಿಕ್ಕಬಳ್ಳಾಪುರದಿಂದ ಎದುರಿನ ಅಂಗಡಿಗೆ ಫೋನು ಬಂದಿದೆ ಎಂದು. ಮಗಳಿಗೆ ಹೆರಿಗೆಯ ದಿನ. ಸಾಹೇಬರು ಓಡಿದರು. ಓಡುತ್ತ ಪೆಟ್ಟಿಗೆಯ ಕೆಂಪು ದೀಪದ ಕಡೆಗೆ ಕೈ ತೋರಿಸಿ, “ನಾರಾಯಣಮ್ಮಾರ, ಆರಿಸಿ ಇಡ್ರಿ” ಎಂದರು.

ಕೈ ತೋರಿಸಿದ್ದು ಆಮೇಲೆ ಅವರು ಹೇಳಿದ್ದು, ನಾನು ನೋಡಲಿಲ್ಲ. ಬಗ್ಗಿ ಇಯರ್‌ಫೋನುಗಳನ್ನು ಕೂಡಿಸುತ್ತಿದ್ದೆ. ಕಿವಿಗೆ ಬಿದ್ದದ್ದು ಮಾತು ಮಾತ್ರ.

“ಆಯ್ತು ಸಾರ್” ಎಂದೆ.

ಪಿಳ್ಳಮ್ಮನ ಹತ್ತಿರ ಹೋಗಿ ಕೈ ಚಾಚಿದೆ. ಅವಳು ಇಯರ್‌ಫೋನನ್ನು ಅಂಗೈಯಿಂದ ಮುಚ್ಚಿಕೊಂಡಳು.

“ಕೊಡಲ್ಲ.”

“ಚಾ ಕುಡ್ಕೊಂಡು ಬಾರೇ. ತೊಳ್ದು ಕೊಡ್ತೀನಿ.”

“ನಂಗೆ ಚಾನೂ ಬೇಡ. ಹೆಸರು ಕೂಗೋವರ್ಗೂ ಇದನ್ನ ತೆಗೆಯಲ್ಲ. ನೀನು ಬೇಕಾದ್ರೆ ಕಿವಿ ಸಮೇತ ತೊಳಿ.”

ಬಾಷಾ ಸಾಬರೂ ಏಳಲಿಲ್ಲ. ರಂಜಾನ್ ತಿಂಗಳು, ಅವರು ರೋಜಾದಲ್ಲಿದ್ದರು. “ನಾನೂ ಇಲ್ಲೇ ಕೂತಿರ್ತೀನಮ್ಮ. ಹೊರಗೆ ಹೋದ್ರೆ ಚಾ ವಾಸ್ನೆ. ಇದನ್ನ ಹಾಕ್ಕೊಂಡಿದ್ರೆ ಹೊತ್ತು ಹೋಗುತ್ತೆ” ಎಂದರು. ಇಬ್ಬರನ್ನು ಬಿಟ್ಟು ಉಳಿದ ಹದಿನೆಂಟು ಬಿರಡೆಗಳನ್ನು ಬಿಚ್ಚಿಕೊಂಡು ನಾನು ಹಾಲಿನ ಹಿತ್ತಲಿಗೆ ಹೋದೆ. ಚೆನ್ನಾಗಿ ತೊಳೆದೆ. ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದನ್ನೇ ಬಿಸಿಲಿಗೆ ಇಟ್ಟೆ. ಕಾಗೆ ಬಾರದ ಹಾಗೆ ಪಕ್ಕದಲ್ಲೇ ಕೂತೆ. ಆ ದಿನ ನಾನು ಮಾಡಿದಷ್ಟು ಅಚ್ಚುಕಟ್ಟಾಗಿ ಆ ಕೆಲಸವನ್ನು ಇನ್ನೆಂದೂ ಮಾಡಿಲ್ಲ.

ಒಳಗೆ ಪೆಟ್ಟಿಗೆಯ ದೀಪ ಉರಿಯುತ್ತಲೇ ಇತ್ತು.

ಆಮೇಲೆ ನಡೆದದ್ದನ್ನು ಪಿಳ್ಳಮ್ಮ ಮತ್ತು ಬಾಷಾ ಸಾಬರು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು. ಒಂದು ಅಕ್ಷರ ವ್ಯತ್ಯಾಸ ಇರಲಿಲ್ಲ. ಹಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಾರ್ಯದರ್ಶಿ ಮತ್ತು ಪಟ್ಟಿ ಓದುವ ಗುಮಾಸ್ತ ಚಹಾದ ಲೋಟ ಹಿಡಿದು ಮೇಜಿನ ಹತ್ತಿರ ಬಂದು, ನಮ್ಮ ಸಣ್ಣ ಮೈಕಿನ ಮುಂದೆಯೇ ತಲೆಗೆ ತಲೆ ಕೊಟ್ಟು ಮಾತಾಡಿದರು. ಎದುರಿಗೆ ಕೂತಿದ್ದವರು ಇಬ್ಬರೇ, ಇಬ್ಬರೂ ಕಿವುಡರು. ದೊಡ್ಡ ಮೈಕು ಆಫ್ ಆದ ಮೇಲೆ ಸಣ್ಣದೂ ಆಫ್ ಎಂದುಕೊಂಡಿರಬೇಕು, ಅವರಿಗೇನು ಅಂಜಿಕೆ?

“ಪಿಳ್ಳಮ್ಮನ ಹೆಸರು ಬಂದಾಗ ಮೈಕು ಸ್ವಲ್ಪ ಪಕ್ಕಕ್ಕೆ ಸರಿಸು. ಈ ರೇಡಿಯೋದೋರ ಮೈಕನ್ನೂ ಸರಿಸು. ಬಾಯಲ್ಲೇ ಮೂರು ಸಲ ಅಂದ್ಬಿಡು. ಕಾಯೋ ಪಟ್ಟೀಲಿ ಮುಂದಿರೋನು ನನ್ನ ಬಾಮೈದ, ಗೊತ್ತಲ್ಲ.”

“ಗಲಾಟೆ ಆದ್ರೆ ಸಾರ್?”

“ಕೂಗಿದ್ವಲ್ಲ, ನಿಯಮದ ಪ್ರಕಾರ ಮೂರು ಸಲ ಕೂಗಿದ್ವಿ.” ಆಮೇಲೆ ತೆಲುಗಿನಲ್ಲಿ ನಕ್ಕು ಹೇಳಿದನಂತೆ: “ಆ ಚೆವಿಟಿದಾನ್ಕಿ ಏಂ ವಿನಪಡ್ತುಂದಿ ಲೇ.” ಆ ಕಿವುಡಿಗೆ ಏನು ಕೇಳಿಸುತ್ತೆ ಬಿಡು ಎಂದು.

ಆ ಕಿವುಡಿಗೆ ಎಲ್ಲವೂ ಕೇಳಿಸಿತು. ಇಡೀ ಶಿಡ್ಲಘಟ್ಟದಲ್ಲಿ ಆ ಮಾತು ಕೇಳಿಸಿದ್ದು ಅವಳಿಗೆ ಮತ್ತು ಅವಳ ಪಕ್ಕದವರಿಗೆ ಮಾತ್ರ.

ಗಂಟೆ ಬಾರಿಸಿ ಎಲ್ಲರೂ ಒಳಗೆ ಬಂದರು. ನಾನೂ ಬಿರಡೆಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಬಂದೆ. ಗುಮಾಸ್ತ ಇನ್ನೂ ಪಟ್ಟಿ ಬಿಚ್ಚಿರಲಿಲ್ಲ, ಪಿಳ್ಳಮ್ಮ ಎದ್ದಳು. ನೆಟ್ಟಗೆ ಹೋಗಿ ಮೇಜಿಗೆ ಹೊಟ್ಟೆ ತಾಕುವಷ್ಟು ಹತ್ತಿರ ನಿಂತಳು.

“ಏನಮ್ಮಾ, ಹೋಗಿ ಕೂತ್ಕೋ. ಹೆಸರು ಕೂಗ್ತೀವಿ” ಎಂದ ಕಾರ್ಯದರ್ಶಿ, ಕೈಸನ್ನೆ ಮಾಡಿ.

“ಬಾಯಲ್ಲೇ ಕೂಗ್ತೀರಂತಲ್ಲ ಸ್ವಾಮಿ. ಅದಕ್ಕೇ ಹತ್ರಕ್ಕೆ ಬಂದೆ.”

ಅವಳ ದನಿ ದೊಡ್ಡದು, ಕೇಳಿಸದವರದು ಹಾಗೇ ಇರುತ್ತದೆ. ಹಾಲಿನ ಕೊನೆಯ ಸಾಲಿಗೂ ಮುಟ್ಟಿತು. ಗುಮಾಸ್ತನ ಕೈಯಲ್ಲಿದ್ದ ಪಟ್ಟಿ ಮೇಜಿನ ಮೇಲೆ ಬಿತ್ತು.

“ಏನ್ ಹೇಳ್ತಿದಾಳೆ ಇವಳು?” ಎಂದರು ಅಧ್ಯಕ್ಷರು.

“ಮೈಕು ಪಕ್ಕಕ್ಕೆ ಸರಿಸ್ತೀರಂತೆ, ಮೂರು ಸಲ ಬಾಯಲ್ಲೇ ಅಂತೀರಂತೆ, ಸೈಟು ಇವರ ಬಾಮೈದನಿಗಂತೆ. ಆ ಚೆವಿಟಿದಾನ್ಕಿ ಏಂ ವಿನಪಡ್ತುಂದಿ ಅಂದ್ರಲ್ಲ, ಆ ಚೆವಿಟಿ ನಾನೇ.”

“ಸುಳ್ಳು. ಇವಳಿಗೆ ಕಿವೀನೇ ಕೇಳಿಸಲ್ಲ” ಎಂದ ಕಾರ್ಯದರ್ಶಿ.

ಬಾಷಾ ಸಾಬರು ಕೂತಲ್ಲಿಂದಲೇ ಇಯರ್‌ಫೋನು ತೆಗೆದು ಎತ್ತಿ ತೋರಿಸಿದರು. “ನಂಗೂ ಕೇಳಿಸ್ತು ಸಾಬ್. ಇದರಲ್ಲಿ ಬಂತು. ನಾನು ರೋಜಾದಲ್ಲಿದೀನಿ, ಇವತ್ತು ಸುಳ್ಳು ಹೇಳಲ್ಲ. ನಾಳೆ ಕೇಳಿದ್ರೂ ಇದೇ ಹೇಳ್ತೀನಿ, ನಾಳೇನೂ ರೋಜಾ.”

ಆಗ ನಾನು ಪೆಟ್ಟಿಗೆಯ ಕಡೆ ನೋಡಿದೆ. ಕೆಂಪು ದೀಪ. ಆರಿಸಿ ಇಡ್ರಿ ಎಂದದ್ದು ಯಾವುದನ್ನು ಎಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಕೆಲಸ ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಈ ಗದ್ದಲದಲ್ಲಿ ಇವತ್ತಿನ ಹಂಚಿಕೆಯನ್ನೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರೆ ಪಿಳ್ಳಮ್ಮನ ಗತಿ ಏನು ಎಂದುಕೊಂಡೆ. ಅವಳಿಗೆ ಇನ್ನೊಂದು ವರ್ಷ ಆ ಹುಳುವಿನ ವಾಸನೆ.

ಕಾರ್ಯದರ್ಶಿಯೂ ದೀಪ ನೋಡಿದ. ಬೆರಳು ತೋರಿಸಿ ಕೂಗಾಡಿದ. “ನೋಡಿ, ನೋಡಿ. ಈ ರೇಡಿಯೋದೋರು ನಾವು ಆಡಿದ ಮಾತನ್ನ ಕದ್ದು ಕೇಳಿಸಿದಾರೆ. ಇವರನ್ನ ಮೊದಲು ಆಚೆ ಹಾಕಿ.”

ಅಧ್ಯಕ್ಷರು ನಿಧಾನದ ಮನುಷ್ಯ ಎಂದೆನಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ ಮೇಲೆಯೇ ಬಾಯಿ ಬಿಟ್ಟರು. “ಆಡಿದ ಮಾತನ್ನ ಕೇಳಿಸಿದಾರೆ ಅಂದ್ರೆ, ಆಡಿದ್ದು ನಿಜ ಅಂತಾಯ್ತಲ್ಲಪ್ಪ.”

ಹಾಲಿನಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಕಾರ್ಯದರ್ಶಿ ಕೂತ. ಅಧ್ಯಕ್ಷರು ಪಟ್ಟಿಯನ್ನು ತಾವೇ ಎತ್ತಿಕೊಂಡು, ದೊಡ್ಡ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡು, “ಪಿಳ್ಳಮ್ಮ” ಎಂದರು.

“ಇದ್ದೀನಿ.”

“ಎದುರಿಗೇ ಇದ್ದೀಯಲ್ಲಮ್ಮ. ತಗೋ, ಮೂವತ್ತೊಂದನೇ ನಂಬರು.”

ಅವಳು ಚೀಟಿಗೆ ಕೈ ಚಾಚಲಿಲ್ಲ. “ಇನ್ನೂ ಎರಡು ಸಲ ಕೂಗಿ ಸ್ವಾಮಿ. ಹೋದ ವರ್ಷ ಕೂಗಿದ್ದು ಕೇಳಿಸ್ಲಿಲ್ಲ.”

ಅಧ್ಯಕ್ಷರು ಇನ್ನೂ ಎರಡು ಸಲ ಕೂಗಿದರು. ಎರಡು ಸಲವೂ ಅವಳು “ಇದ್ದೀನಿ” ಎಂದಳು. ಆಮೇಲೆ ಚೀಟಿ ತೆಗೆದುಕೊಂಡಳು. ನಾನು ತಟ್ಟೆಯ ಬಿರಡೆಗಳನ್ನು ಒಂದೊಂದಾಗಿ ಇಯರ್‌ಫೋನಿಗೆ ಹಾಕಿ ಅವರವರ ಕೈಗೆ ಕೊಟ್ಟೆ. ಅಷ್ಟು ಹಗುರ ನನಗೆ ಹೆರಿಗೆಯಾದಾಗಲೂ ಅನಿಸಿರಲಿಲ್ಲ.

ಸಾಹೇಬರು ಫೋನು ಮುಗಿಸಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೊಮ್ಮಗಳು ಹುಟ್ಟಿದ್ದಳು, ತಾಯಿ ಮಗು ಕ್ಷೇಮ. ನಗುತ್ತ ಬಂದವರ ಮುಖ ನಡೆದದ್ದು ಕೇಳಿ, ನಮ್ಮ ಪೆಟ್ಟಿಗೆ ನೋಡಿ ಇಳಿಯಿತು. ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಕಚೇರಿಗೆ ಬಂದ ಮೇಲೆ ಕೂರಿಸಿಕೊಂಡು ಹೇಳಿದರು. ಪಿಳ್ಳಮ್ಮನಿಗೆ ಸಿಕ್ಕಿದ್ದು ಸಿಗಬೇಕಾದದ್ದೇ. ಆದರೆ ಮೇಜಿನ ಮೇಲೆ ಮೈಕು ಇಡಲು ಬಿಡುವವರು ನಮ್ಮನ್ನು ನಂಬಿ ಬಿಡುತ್ತಾರೆ. ಅವರು ಸಭೆಗೆ ಆಡಿದ್ದನ್ನಷ್ಟೇ ನಾವು ಕೇಳಿಸಬೇಕು. ಇವತ್ತು ಕಳ್ಳನ ಮಾತು ಬಂತು, ನಾಳೆ ಯಾರದೋ ಮನೆಯ ಕಷ್ಟದ ಮಾತು ಬಂದೀತು. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ನನ್ನ ಕಥೆ ಕೇಳಿ ಯಾರೂ ಬೇಕೆಂದೇ ಸ್ವಿಚ್ಚು ಬಿಡಬೇಡಿ.

“ಏನಾತು ಅಂತ ಬರದು ಕೊಡ್ರಿ, ಕಡತಕ್ಕ ಬೇಕು” ಎಂದರು.

ನನ್ನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದುಕೊಟ್ಟೆ: “ಸಾಹೇಬರು ಆರಿಸಿ ಇಡ್ರಿ ಎಂದರು. ನಾನು ಆರಿಸಿ ಇಟ್ಟೆ. ಬಿರಡೆ ಆರಿದವು. ದೀಪ ಆರಲಿಲ್ಲ. ಇಂತಿ ನಾರಾಯಣಮ್ಮ.”

ಅವರು ಓದಿದರು. ಮತ್ತೆ ಓದಿದರು.

“ನಾರಾಯಣಮ್ಮಾರ, ತಪ್ಪು ನಂದೂ ಅದ” ಎಂದರು. ಕಾಗದವನ್ನು ಕಡತಕ್ಕೆ ಹಾಕಿದರು. ಅದು ಈಗಲೂ ಅಲ್ಲಿದೆ, ಬೇಕಾದರೆ ನೋಡಿ. ಮುಂದೆ ಅವರು ಸ್ವಿಚ್ಚಿಗೆ ‘ಬಂದ್’ ಎಂದು ಚೀಟಿ ಅಂಟಿಸಿದರು, ಬಿರಡೆಯ ಡಬ್ಬಿಗೆ ‘ಒಣಗಿಸಿ’ ಎಂದು. ಆರಿಸು ಎಂಬ ಮಾತನ್ನು ಅವರು ನನ್ನ ಮುಂದೆ ಮತ್ತೆ ಆಡಲಿಲ್ಲ. ಕೆಲವು ಸಂಘದವರು ನಮ್ಮನ್ನು ಕರೆಯುವುದನ್ನು ಬಿಟ್ಟರು. ಬಿಟ್ಟವರು ಯಾರು ಯಾರು ಎಂದು ನೋಡಿಯೇ ಜನ ನಕ್ಕರು.

ಅವತ್ತು ಸಂಜೆ ಡಬ್ಬಿಗೆ ತುಂಬುವಾಗ ರೇಡಿಯೋ ಹತ್ತೊಂಬತ್ತೇ ಇದ್ದವು. ಇಪ್ಪತ್ತನೆಯದು ಎಲ್ಲಿದೆ ಎಂದು ಯೋಚಿಸಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋದೆ. ಅವಳ ಕೋಣೆಗೆ ಬೀಗ. ಊರಾಚೆ ಸೈಟುಗಳ ಕಡೆ ನಡೆದೆ. ಹಿಪ್ಪುನೇರಳೆ ತೋಟದ ಪಕ್ಕ ಬಯಲಿನಲ್ಲಿ ಕಲ್ಲು ನೆಟ್ಟು, ಬಣ್ಣದಲ್ಲಿ ನಂಬರು ಬರೆದಿದ್ದರು. ಮೂವತ್ತೊಂದರ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಪಿಳ್ಳಮ್ಮ ಆ ಕಲ್ಲಿಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಒಂದು ಚೊಂಬು ನೀರು. ಇಯರ್‌ಫೋನು ಕಿವಿಯಲ್ಲೇ ಇತ್ತು. ಸುತ್ತಿಕೊಂಡು ಹೋಗಿ ಎದುರಿಗೆ ನಿಂತೆ.

“ರೇಡಿಯೋ ಕೊಡೇ. ಒಂದು ಕಮ್ಮಿ ಬಂತು.”

“ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದು ಮರ್ತೇ ಹೋಗಿತ್ತು ಕಣಕ್ಕ. ಬೈತೀಯೇನೋ ಅಂತ ಭಯ ಆಯ್ತು.”

“ಬೈಯೋಕೇ ಬಂದಿರೋದು. ಏನ್ ಕೇಳಿಸ್ತಿದೆ ಅದರಲ್ಲಿ?”

“ಏನೂ ಇಲ್ಲ. ಬರೀ ಸುಯ್ ಅಂತದೆ.”

“ಮತ್ತ್ಯಾಕೆ ಹಾಕ್ಕೊಂಡು ಕೂತಿದ್ದೀಯ?”

“ಇನ್ನೊಂದ್ ಸಲ ಕೂಗಿದ್ರೆ?”

“ಇನ್ಯಾರೂ ಕೂಗಲ್ಲ ಕಣೇ. ಆಗೋಯ್ತು. ಜಾಗದ ಮೇಲೇ ಕೂತಿದ್ದೀಯಲ್ಲ.”

ಅವಳು ಕಲ್ಲನ್ನು ಒಂದು ಸಲ ಮುಟ್ಟಿ ನೋಡಿದಳು. ಆಮೇಲೆ ಇಯರ್‌ಫೋನು ತೆಗೆದು ನನ್ನ ಕೈಗೆ ಕೊಟ್ಟಳು. ಬಿರಡೆ ಬಿಚ್ಚಿ ಅವಳ ಚೊಂಬಿನ ನೀರಿನಲ್ಲಿ ತೊಳೆದು, ಮೂವತ್ತೊಂದರ ಕಲ್ಲಿನ ಮೇಲೆ ಬಿಸಿಲಿಗೆ ಆರಿಸಿದೆ. ರೇಡಿಯೋದ ಸ್ವಿಚ್ಚು ನಿನ್ನೆಯಿಂದ ಹಾಗೇ ಇತ್ತು. ಅದನ್ನೂ ಆರಿಸಿದೆ.